ಕಹಳೆಯ ಮುಂದೆ ಮೂರು ನಿಮಿಷ

ನಮ್ಮ ಹಳ್ಳಿಯ ಮನೆಯ ನಡುಮನೆಯಲ್ಲಿ ತಾತನವರ ಕಾಲದ್ದೊಂದು ಗ್ರಾಮಫೋನು ಪೆಟ್ಟಿಗೆ ಇತ್ತು. ಹಬ್ಬದ ಸಂಜೆಗಳಲ್ಲಿ ತಾತ ಅದರ ಮುಚ್ಚಳ ತೆರೆದು, ಕೀಲಿ ಕೊಟ್ಟು, ಹೊಸ ಮುಳ್ಳನ್ನು ಸಿಕ್ಕಿಸಿ, ಪ್ಲೇಟುಗಳನ್ನು ಒಂದೊಂದಾಗಿ ಹಾಕುತ್ತಿದ್ದರು. ಅವುಗಳಲ್ಲಿ ಒಂದು ಪ್ಲೇಟಿಗೆ ಒಂದೇ ಮಗ್ಗುಲಿತ್ತು, ಹಿಂಬದಿ ಬರಿದು. ಮೈಸೂರಿನಲ್ಲಿ ಓದುತ್ತಿದ್ದಾಗ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಕೊಂಡದ್ದು ಎಂದು ತಾತ ಹೇಳುತ್ತಿದ್ದರು. ಅದನ್ನು ಹಾಕಿದರೆ ಎಲ್ಲಿಯೋ ಬಹು ದೂರದಿಂದ, ಮಳೆಯ ಸದ್ದಿನ ಆಚೆಯಿಂದ ಬರುವಂತೆ, ಒಬ್ಬ ಹೆಂಗಸಿನ ಸಣ್ಣ ದನಿ ಕೇಳಿಸುತ್ತಿತ್ತು. ಭಾಷೆ ನಮಗೆ ತಿಳಿಯದು. ರಾಗ ಭೈರವಿ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹುಡುಗರಾದ ನಾವು ಕಾಯುತ್ತಿದ್ದುದು ಹಾಡಿಗಲ್ಲ, ಹಾಡಿನ ಕೊನೆಗೆ. ಹಾಡು ಥಟ್ಟನೆ ನಿಂತೊಡನೆ ಆಕೆ ಒಂದೇ ಉಸಿರಿನಲ್ಲಿ, ಇಂಗ್ಲಿಷಿನಲ್ಲಿ, 'ಮೈ ನೇಮ್ ಈಸ್ ಗೌಹರ್ ಜಾನ್' ಎಂದು ಕೂಗಿ ಹೇಳುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆ ಸಂಜೆಯೆಲ್ಲ ಒಬ್ಬರನ್ನೊಬ್ಬರು ಅದೇ ದನಿಯಲ್ಲಿ ಅಣಕಿಸುತ್ತಿದ್ದೆವು. ಒಂದು ದಿನ ತಾತ ನಮ್ಮನ್ನು ಗದರಿದರು: "ನಗಬೇಡ್ರೋ. ಹೆಸರು ಹೇಳಿಕೊಳ್ಳೋದಕ್ಕೂ ಒಂದು ಯೋಗ್ಯತೆ ಬೇಕು."

ಮುಂದೆ ನಾನು ಕನ್ನಡ ಅಧ್ಯಾಪಕನಾದೆ. ತರಗತಿಯಲ್ಲಿ ಹಳೆಯ ಕಾವ್ಯವನ್ನು ಕುರಿತು ಮಾತನಾಡುವಾಗ, ಇತಿಹಾಸದಲ್ಲಿ ಬೆಲೆಯುಳ್ಳದ್ದು ಬೇರೆ, ಕಲೆಯಾಗಿ ಬೆಲೆಯುಳ್ಳದ್ದು ಬೇರೆ ಎಂದು ವಿವರಿಸಲು ಈ ಪ್ಲೇಟನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ಮೊದಲ ಕಾಲದ ಮುದ್ರಿಕೆಯೆಂದು ಅದಕ್ಕೆ ಗೌರವ ಸಲ್ಲಬೇಕು. ಆದರೆ ದನಿ ಕೀರಲು, ಹಾಡು ಅವಸರದ್ದು, ಎಂದು ತೀರ್ಪು ಕೊಟ್ಟು ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಹೀಗೆ ಎಷ್ಟು ವರ್ಷ ಹೇಳಿದೆನೋ ಲೆಕ್ಕವಿಲ್ಲ. ಆ ತೀರ್ಪಿನ ಎರಡು ಮಾತುಗಳೂ ತಪ್ಪು ಎಂದು ನನಗೆ ಗೊತ್ತಾದದ್ದು ನಿವೃತ್ತನಾದ ಮೇಲೆ, ಈ ಮುದ್ರಿಕೆಗಳು ಹೇಗೆ ತಯಾರಾದವು ಎಂಬುದನ್ನು ತಿಳಿದುಕೊಂಡಾಗ. ಅದನ್ನು ಇಂದು ತಮ್ಮೊಡನೆ ಹಂಚಿಕೊಳ್ಳುವುದು ಆ ಹಳೆಯ ತಪ್ಪಿಗೆ ನಾನು ಸಲ್ಲಿಸುವ ಕಾಣಿಕೆಯೆಂದು ತಿಳಿಯಬೇಕು.

ಮೊದಲು ಗಾಯಕಿಯ ವಿಚಾರ. ಗೌಹರ್ ಜಾನ್ ಹುಟ್ಟಿದ್ದು 1873ರಲ್ಲಿ, ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಹುಟ್ಟಿದಾಗಿನ ಹೆಸರು ಏಂಜಲೀನಾ. ತಂದೆ ಅರ್ಮೇನಿಯನ್ ಮೂಲದವರು; ತಾಯಿ ವಿಕ್ಟೋರಿಯಾ. ಆ ದಾಂಪತ್ಯ ಮುರಿದುಬಿದ್ದಾಗ ತಾಯಿ ಮಗಳನ್ನು ಕರೆದುಕೊಂಡು ಕಾಶಿಗೆ ಬಂದು, ಇಸ್ಲಾಂ ಧರ್ಮವನ್ನು ಸ್ವೀಕರಿಸಿ, ಮಲ್ಕಾ ಜಾನ್ ಎಂಬ ಹೆಸರಿನಿಂದ ಹಾಡುಗಾರಿಕೆಯಲ್ಲಿ ನೆಲೆ ನಿಂತಳು. ಮಗಳು ಗೌಹರ್ ಆದಳು. 1883ರಲ್ಲಿ ತಾಯಿಮಕ್ಕಳು ಕಲ್ಕತ್ತೆಗೆ ಬಂದರು. ಖಯಾಲು, ಠುಮ್ರಿ, ದಾದ್ರಾ, ಬಂಗಾಳಿ ಕೀರ್ತನ, ನೃತ್ಯ ಇವೆಲ್ಲವನ್ನೂ ಕಲಿತ ಮಗಳು 1887ರಲ್ಲಿ ದರ್ಭಂಗದ ಅರಮನೆಯಲ್ಲಿ ಮೊದಲ ಕಚೇರಿ ನಡೆಸಿದಳು. ಇಪ್ಪತ್ತನೆಯ ಶತಮಾನ ಕಾಲಿಡುವ ವೇಳೆಗೆ ಕಲ್ಕತ್ತೆಯಲ್ಲಿ ಆಕೆಯ ಹೆಸರು ಕೇಳದ ರಸಿಕರಿರಲಿಲ್ಲ.

ಇನ್ನು ಯಂತ್ರದ ವಿಚಾರ. ತಟ್ಟೆಯ ರೂಪದ ಗ್ರಾಮಫೋನನ್ನು ಕಂಡುಹಿಡಿದವನು ಎಮಿಲ್ ಬರ್ಲಿನರ್. ಅವನ ಕೈಕೆಳಗೆ ಕೆಲಸ ಕಲಿತ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ತರುಣ 1898ರಲ್ಲಿ ಲಂಡನ್ನಿಗೆ ಬಂದು, ಅಲ್ಲಿ ಹೊಸದಾಗಿ ಹುಟ್ಟಿದ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣಗಾರನಾದ. ದೇಶದೇಶಗಳನ್ನು ಸುತ್ತಿ ಅಲ್ಲಲ್ಲಿಯ ಹಾಡುಗಾರರ ದನಿಯನ್ನು ಹಿಡಿದು ತರುವುದು ಅವನ ಕೆಲಸ. 1902ರ ಏಪ್ರಿಲ್‌ನಲ್ಲಿ ಅವನು ಇಟಲಿಯ ಮಿಲಾನ್ ನಗರದ ಹೋಟೆಲೊಂದರ ಕೋಣೆಯಲ್ಲಿ ಎನ್ರಿಕೊ ಕರೂಸೋ ಎಂಬ ತರುಣ ಗಾಯಕನ ಹತ್ತು ಹಾಡುಗಳನ್ನು ಮುದ್ರಿಸಿದ. ಪಶ್ಚಿಮದ ಸಂಗೀತ ಚರಿತ್ರೆಯಲ್ಲಿ ಅದೊಂದು ದೊಡ್ಡ ಘಟನೆ. ಅದೇ ವರ್ಷದ ಕೊನೆಯಲ್ಲಿ, ಅದೇ ಮನುಷ್ಯ, ಅದೇ ಬಗೆಯ ಸಾಮಗ್ರಿಯೊಡನೆ ಹಡಗು ಹತ್ತಿ ಕಲ್ಕತ್ತೆಗೆ ಬಂದ. ಗೈಸ್‌ಬರ್ಗ್, ಕರೂಸೋ, ಗೌಹರ್ ಜಾನ್ ಈ ಮೂವರೂ 1873ರಲ್ಲಿಯೇ ಹುಟ್ಟಿದವರು ಎಂಬುದು ಕಾಕತಾಳೀಯವಾದರೂ ನೆನಪಿಡಲು ಸೊಗಸಾಗಿದೆ.

ಕಲ್ಕತ್ತೆಯಲ್ಲಿ ನೆಲೆಸಿದ್ದ ಆಂಗ್ಲರನ್ನು ಗೈಸ್‌ಬರ್ಗ್ ಮೊದಲು ವಿಚಾರಿಸಿದ. ತಾವು ವರ್ಷಗಟ್ಟಲೆ ಬದುಕಿದ್ದ ಊರಿನ ಸಂಗೀತದ ಬಗ್ಗೆ ಅವರಿಗೆ ಏನೂ ತಿಳಿದಿರಲಿಲ್ಲ. ಕಡೆಗೆ ಪೊಲೀಸು ಅಧಿಕಾರಿಗಳ ನೆರವು ಪಡೆದು, ಅವರು ಕೊಟ್ಟ ಸಿಬ್ಬಂದಿಯೊಬ್ಬನನ್ನು ಜೊತೆಗಿಟ್ಟುಕೊಂಡು, ನಾಟಕಶಾಲೆಗಳನ್ನೂ ಸಾಹುಕಾರರ ಮನೆಯ ಕೂಟಗಳನ್ನೂ ಸುತ್ತಿದ. ನವೆಂಬರಿನಲ್ಲಿ ಮೊದಲು ಹಾಡಿದವರು ಶಶಿಮುಖಿ, ಫಣಿಬಾಲಾ ಎಂಬ ರಂಗಭೂಮಿಯ ಇಬ್ಬರು ತರುಣಿಯರು. ಅವರ ಹಿಂದೆಯೇ, ಅದೇ ತಿಂಗಳು, ಗೌಹರ್ ಜಾನ್ ಬಂದಳು. ಬಂದ ಪ್ರತಿ ಸಲವೂ ಹೊಸ ಉಡುಪು, ಹೊಸ ಒಡವೆ. ಒಮ್ಮೆ ತೊಟ್ಟ ಆಭರಣ ಮತ್ತೊಮ್ಮೆ ಕಾಣದೆಂದು ಗೈಸ್‌ಬರ್ಗ್ ಬೆರಗಿನಿಂದ ಬರೆದುಕೊಂಡಿದ್ದಾನೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಉಸ್ತಾದರೂ ಪಂಡಿತರೂ ಅಷ್ಟು ಮಂದಿ ಇದ್ದ ಆ ಕಾಲದಲ್ಲಿ ಈ ಯಂತ್ರದ ಮುಂದೆ ಮೊದಲು ಬಂದು ನಿಂತವರು ಹೆಂಗಸರೇ ಏಕೆ? ದೊಡ್ಡ ಗವಾಯಿಗಳಲ್ಲಿ ಅನೇಕರಿಗೆ ಅಂಜಿಕೆಯಿತ್ತು. ಘರಾಣೆಯ ಗುಟ್ಟು ಬೀದಿಗೆ ಬಿದ್ದೀತು, ಕಂಡಕಂಡವರು ಕಲಿತುಬಿಟ್ಟಾರು ಎಂಬುದು ಒಂದು. ಯಂತ್ರ ದನಿಯನ್ನು ಹೀರಿಬಿಟ್ಟೀತು ಎಂಬುದು ಇನ್ನೊಂದು. ಎಲ್ಲೆಂದರಲ್ಲಿ, ಯಾರೆಂದರವರು, ಕೇಳುವವನ ಯೋಗ್ಯತೆಯನ್ನು ನೋಡದೆ ತಮ್ಮ ಹಾಡನ್ನು ಹಾಕಿಕೊಂಡಾರು ಎಂಬುದು ಮತ್ತೊಂದು. ಕಳೆದುಕೊಳ್ಳಲು ಅವರ ಬಳಿ ಮರ್ಯಾದೆಯೆಂಬ ಆಸ್ತಿ ಇತ್ತು. ಸಮಾಜ ಕಲೆಯನ್ನು ಮೆಚ್ಚಿ ಕಲಾವಿದೆಯನ್ನು ಹೊಸಿಲಿನಾಚೆಗೇ ನಿಲ್ಲಿಸಿದ್ದ ತವಾಯಫರಿಗೆ ಆ ಅಂಜಿಕೆ ಇರಲಿಲ್ಲ. ಅವರು ದುಡಿದು ಉಣ್ಣುವ ವೃತ್ತಿಯವರು. ಹೊಸ ಕೆಲಸ ಬಂದರೆ ಅದನ್ನು ಅರಿತು ಮಾಡಬಲ್ಲವರು. ನಮ್ಮ ದೇಶದ ಶಾಸ್ತ್ರೀಯ ಗಾಯನವನ್ನು ಯಂತ್ರಕ್ಕೆ ಒಗ್ಗಿಸುವ ಹೊಣೆ ಹೀಗೆ ಈ ಹೆಂಗಸರ ಮೇಲೆ ಬಿತ್ತು.

ಈಗ ಆ ಕೋಣೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳೋಣ. ಇಂದು ನಾನು ಮಾತನಾಡುತ್ತಿರುವಂಥ ಧ್ವನಿಮುದ್ರಣ ಮಂದಿರ ಆಗ ಎಲ್ಲಿಯೂ ಇಲ್ಲ. ಕಲ್ಕತ್ತೆಯ ಹೋಟೆಲೊಂದರ ಎರಡು ಕೋಣೆಗಳೇ ಮುದ್ರಣಶಾಲೆ. ಮೈಕು ಇಲ್ಲ, ವಿದ್ಯುತ್ತಿನ ಸೋಂಕೂ ಇಲ್ಲ. ಇರುವುದು ತಗಡಿನದೊಂದು ದೊಡ್ಡ ಕಹಳೆ. ಅದರ ಅಗಲವಾದ ಬಾಯಿ ಹಾಡುವವರ ಕಡೆಗೆ. ಕಿರಿದಾದ ತುದಿ ಯಂತ್ರದ ಕಡೆಗೆ. ಆ ತುದಿಯಲ್ಲಿ ಒಂದು ತೆಳುವಾದ ಪೊರೆ. ಪೊರೆಗೆ ಅಂಟಿದಂತೆ ಒಂದು ಸೂಜಿ. ಸೂಜಿಯ ಕೆಳಗೆ ತಿರುಗುತ್ತಿರುವ ದಪ್ಪನೆಯ ಮೇಣದ ಬಿಲ್ಲೆ. ಬಿಲ್ಲೆಯನ್ನು ತಿರುಗಿಸುವುದು ಮೇಲಿನಿಂದ ಸಮನಾಗಿ ಕೆಳಗಿಳಿಯುವ ಒಂದು ಭಾರದ ಗುಂಡು. ಹಾಡಿದ ದನಿ ಕಹಳೆಯೊಳಗೆ ಹೊಕ್ಕು ಪೊರೆಯನ್ನು ನಡುಗಿಸುತ್ತದೆ. ನಡುಗಿದ ಪೊರೆ ಸೂಜಿಯನ್ನು ಅಲುಗಿಸುತ್ತದೆ. ಅಲುಗಿದ ಸೂಜಿ ಮೇಣದಲ್ಲಿ ಸುರುಳಿಯಾದ ಗೆರೆಯೊಂದನ್ನು ಕೊರೆಯುತ್ತದೆ. ಸೂಜಿಯನ್ನು ಅಲುಗಿಸಿದ ಬಲವೆಲ್ಲ ಗಾಯಕಿಯ ಕಂಠದಿಂದ ಹೊರಟದ್ದು. ಅದನ್ನು ಹಿಗ್ಗಿಸಿ ಕೊಡುವ ಇನ್ನಾವ ಶಕ್ತಿಯೂ ನಡುವೆ ಇರಲಿಲ್ಲ. ಆದ್ದರಿಂದ ಮೆಲುದನಿಯಲ್ಲಿ ಹಾಡಿದರೆ ಗೆರೆಯಲ್ಲಿ ದನಿಯ ಅಲುಗು ಸರಿಯಾಗಿ ಮೂಡದು. ಹತ್ತಿರ ನಿಂತು ತಾರಸ್ಥಾಯಿಯಲ್ಲಿ ಬಲವಾಗಿ ಹಾಡಿದರೆ ಪೊರೆ ಕಿರುಚಿ ಗೆರೆ ಕೆಡುವುದು.

ಇದರ ಪರಿಣಾಮವನ್ನು ಊಹಿಸಿಕೊಳ್ಳಬೇಕು. ಮೆಹಫಿಲಿನಲ್ಲಿ ಗೌಹರ್ ಜಾನ್ ಹಾಡುತ್ತಿದ್ದುದು ಕುಳಿತು, ರಸಿಕರ ಮುಖ ನೋಡುತ್ತ, ಕೈಯಿಂದಲೂ ಕಣ್ಣಿನಿಂದಲೂ ಮಾತಿನ ಭಾವವನ್ನು ಬಿಡಿಸಿ ತೋರುತ್ತ. ಠುಮ್ರಿಯಲ್ಲಿ ಒಂದೇ ಮಾತನ್ನು ಹತ್ತು ಬಗೆಯಲ್ಲಿ ಹೇಳಿ, ಪ್ರತಿಯೊಂದಕ್ಕೂ ಒಂದು ನೋಟ, ಒಂದು ಹಸ್ತ. ಸಭೆಯ 'ವಾಹ್ ವಾಹ್' ಎಂಬ ಉದ್ಗಾರವೇ ಮುಂದಿನ ಸಂಗತಿಗೆ ಪ್ರೇರಣೆ. ಈಗ ಎದುರಿಗಿರುವುದು ರಸಿಕನ ಮುಖವಲ್ಲ, ಕಹಳೆಯ ಕಪ್ಪು ಬಾಯಿ. ಕೈ ಆಡಿಸುವಂತಿಲ್ಲ. ಮುಖ ತಿರುಗಿಸುವಂತಿಲ್ಲ. ಯಾರೂ ಕೆಮ್ಮುವಂತಿಲ್ಲ, ಮೆಚ್ಚುವಂತಿಲ್ಲ. ಮಂದ್ರಕ್ಕೆ ಇಳಿದಾಗ ಕಹಳೆಯ ಹತ್ತಿರಕ್ಕೆ ಬಾಗಬೇಕು, ತಾರಕ್ಕೆ ಏರಿದಾಗ ಹಿಂದಕ್ಕೆ ಸರಿಯಬೇಕು. ಹಾಡುವವರಿಗೆ ಇದರ ಅಭ್ಯಾಸವಾಗುವವರೆಗೆ ಮುದ್ರಣಗಾರನೇ ಪಕ್ಕದಲ್ಲಿ ನಿಂತು ಅವರನ್ನು ಹಿಂದೆ ಮುಂದೆ ಜರುಗಿಸುವುದು ಅಂದಿನ ಪದ್ಧತಿ. ಸಾರಂಗಿ, ಹಾರ್ಮೋನಿಯಮ್ಮಿನವರು ಕಹಳೆಗೆ ಕೇಳಿಸುವಷ್ಟು ಸಮೀಪದಲ್ಲಿ ಒತ್ತಿಕೊಂಡು ಇರಬೇಕು. ತಬಲದ ಭಾರವಾದ ಪೆಟ್ಟು ಸೂಜಿಯನ್ನು ಹಾರಿಸದಂತೆ ತಬಲದವನು ದೂರ ಕುಳಿತುಕೊಳ್ಳಬೇಕು.

ಎಲ್ಲಕ್ಕಿಂತ ಕಠಿನವಾದ ಕಟ್ಟಳೆ ಕಾಲದ್ದು. ಏಳು ಅಂಗುಲದ ತಟ್ಟೆಯಲ್ಲಿ ಸುಮಾರು ಎರಡು ನಿಮಿಷ; ಹತ್ತು ಅಂಗುಲದ್ದರಲ್ಲಿ ಸುಮಾರು ಮೂರು. ಅಷ್ಟರೊಳಗೆ ಹಾಡು ಮುಗಿಯಲೇಬೇಕು. ಮುಗಿಯದಿದ್ದರೆ ಮೇಣ ಮುಗಿಯುತ್ತದೆ. ಗಂಟೆಗಟ್ಟಲೆ ಬೆಳೆಸುತ್ತಿದ್ದ ಒಂದು ರಾಗಕ್ಕೆ ಮೂರು ನಿಮಿಷ! ಇದನ್ನು ಕೇಳಿದ ಯಾವ ಸಂಗೀತಗಾರನಾದರೂ ಎದ್ದು ಹೋದಾನು. ಗೌಹರ್ ಜಾನ್ ಎದ್ದು ಹೋಗಲಿಲ್ಲ. ಆ ಮೂರು ನಿಮಿಷವನ್ನು ಒಂದು ಹೊಸ ಛಂದಸ್ಸೆಂದು ಭಾವಿಸಿದಳು.

ಛಂದಸ್ಸು ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ನಮ್ಮ ಕಂದಪದ್ಯವನ್ನೇ ನೋಡಿ. ಮೊದಲ ಪಾದದಲ್ಲಿ ಹನ್ನೆರಡು ಮಾತ್ರೆ, ಎರಡನೆಯದರಲ್ಲಿ ಇಪ್ಪತ್ತು; ಮತ್ತೆ ಹನ್ನೆರಡು, ಮತ್ತೆ ಇಪ್ಪತ್ತು. ಒಟ್ಟು ಅರುವತ್ತನಾಲ್ಕು ಮಾತ್ರೆ. ಅದರೊಳಗೆ ಎಲ್ಲಿ ಯಾವ ಗಣ ಬರಬೇಕು, ಯಾವುದು ಬರಬಾರದು ಎಂಬ ಕಟ್ಟುಪಾಡು ಬೇರೆ. ಈ ಇಕ್ಕಟ್ಟಿನಲ್ಲಿ ಪಂಪ, ರನ್ನ, ಜನ್ನರು ಯುದ್ಧವನ್ನೂ ಶೋಕವನ್ನೂ ಶೃಂಗಾರವನ್ನೂ ಹಿಡಿದಿಟ್ಟರು. ಕಂದವನ್ನು ಓದಿ 'ಕವಿ ಅವಸರಪಟ್ಟಿದ್ದಾನೆ' ಎಂದು ಯಾರಾದರೂ ಹೇಳುತ್ತಾರೆಯೆ? ಹೇಳಿದರೆ ಅವನಿಗೆ ಕಂದದ ಲಕ್ಷಣ ಗೊತ್ತಿಲ್ಲವೆಂದು ನಾವು ನಗುತ್ತೇವೆ. ಆದರೆ ಗೌಹರ್ ಜಾನಳ ಮುದ್ರಿಕೆಯನ್ನು ಕೇಳಿ 'ಅವಸರದ ಹಾಡು' ಎಂದು ನಾನೇ ತರಗತಿಯಲ್ಲಿ ಹೇಳಿದೆ.

ಆಕೆ ಮಾಡಿದ್ದಾದರೂ ಏನು? ನಿಧಾನವಾದ ಆಲಾಪದ ಭಾಗವನ್ನು ಕೈಬಿಟ್ಟಳು. ಚುರುಕಾದ ಲಯವನ್ನು ಆರಿಸಿಕೊಂಡು ನೇರವಾಗಿ ಬಂದಿಶಿಗೆ ಬಂದಳು. ಸ್ಥಾಯಿಯ ಮೊದಲ ಸಾಲಿನಲ್ಲಿಯೇ ರಾಗದ ಮುಖ ಇಂಥದೆಂದು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದಳು. ಅಂತರಾಕ್ಕೆ ಏರಿ, ಇಳಿದು, ಉಳಿದ ಕಾಲದಲ್ಲಿ ಮಣಿ ಪೋಣಿಸಿದಂತೆ ಬಿಗಿಯಾದ ತಾನುಗಳನ್ನು ಜೋಡಿಸಿ, ಸಮಕ್ಕೆ ಬಂದು ನಿಂತಳು. ಹೆಸರು ಹೇಳುವುದಕ್ಕೆ ಬೇಕಾದ ಎರಡು ಮೂರು ಕ್ಷಣಗಳನ್ನೂ ಕೊನೆಯಲ್ಲಿ ಉಳಿಸಿಕೊಂಡಳು. ಮುಂದೆ ಸುಮಾರು ಅರ್ಧ ಶತಮಾನದ ಕಾಲ, ದೀರ್ಘ ಮುದ್ರಿಕೆಗಳು ಬರುವವರೆಗೆ, ನಮ್ಮ ಗಾಯಕರೆಲ್ಲರೂ ಪ್ಲೇಟಿಗಾಗಿ ಹಾಡಿದ್ದು ಈ ಮೂರು ನಿಮಿಷದ ಅಳತೆಯಲ್ಲಿ. 1930ರ ದಶಕದಲ್ಲಿ ನಮ್ಮ ಮಲ್ಲಿಕಾರ್ಜುನ ಮನ್ಸೂರರು ಪ್ಲೇಟುಗಳಿಗೆ ಹಾಡಿದಾಗಲೂ ಇದೇ ಅಳತೆ. ಆ ಅಚ್ಚುಕಟ್ಟಿಗೆ ಮೊದಲ ಮಾದರಿಗಳನ್ನು ಹಾಕಿಕೊಟ್ಟವರ ಸಾಲಿನಲ್ಲಿ ಈಕೆಯ ಹೆಸರು ಮುಂಚೂಣಿಯಲ್ಲಿದೆ.

ಹಾಡು ಮುಗಿಯಿತು, ಮುಂದೇನಾಯಿತು? ಇಂದಿನವರಿಗೆ ನಂಬಲು ಕಷ್ಟವಾಗಬಹುದು: ಹಾಡಿದ್ದನ್ನು ಅಲ್ಲಿಯೇ ಕೇಳಿ ನೋಡಿ, ಆ ಮೇಣವನ್ನೇ ಕಾರ್ಖಾನೆಗೆ ಕಳಿಸುವಂತಿರಲಿಲ್ಲ. ಮೇಣದ ಮೇಲೆ ಮುಳ್ಳನ್ನು ಓಡಿಸಿದರೆ ಗೆರೆ ಸವೆದು ಅದು ಅಚ್ಚಿಗೆ ಬಾರದಾಗುತ್ತಿತ್ತು. ಉಳಿಸಿಕೊಳ್ಳಬೇಕಾದ ಹಾಡನ್ನು ಹಾಡಿದವಳೂ ಕೇಳಲಿಲ್ಲ, ಮುದ್ರಿಸಿದವನೂ ಕೇಳಲಿಲ್ಲ. ಕೊರೆದ ಮೇಣದ ಬಿಲ್ಲೆಗಳನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಕಳಿಸಬೇಕು. ಅಲ್ಲಿಯ ಕಾರ್ಖಾನೆಯಲ್ಲಿ ಮೇಣದ ಮೇಲೆ ವಿದ್ಯುತ್ತಿನ ಮೂಲಕ ತಾಮ್ರದ ಪದರವನ್ನು ಬೆಳೆಸಿ, ಅದನ್ನು ಬಿಡಿಸಿ ತೆಗೆದು, ಆ ಲೋಹದ ಪಡಿಯಚ್ಚಿನಿಂದ ಪ್ಲೇಟುಗಳನ್ನು ಒತ್ತಬೇಕು. ಆ ಪ್ರವಾಸದಲ್ಲಿ ಗೈಸ್‌ಬರ್ಗ್ ನಮ್ಮ ದೇಶದಲ್ಲಿ ಮುದ್ರಿಸಿದ ಹಾಡುಗಳು ಐನೂರಕ್ಕೂ ಹೆಚ್ಚು. ಪ್ಲೇಟುಗಳಾಗಿ ಅವು ಹಿಂದಿರುಗಿ ಬಂದದ್ದು 1903ರಲ್ಲಿ. ತಾನು ಹೇಗೆ ಹಾಡಿದೆ ಎಂಬುದನ್ನು ತಿಳಿಯಲು ಗಾಯಕಿ ತಿಂಗಳುಗಟ್ಟಲೆ ಕಾಯಬೇಕಾಯಿತು.

ಈ ಪ್ಲೇಟುಗಳನ್ನು ಯಾವುದರಿಂದ ಮಾಡುತ್ತಿದ್ದರು ಗೊತ್ತೆ? ಮುಖ್ಯವಾಗಿ ಅರಗಿನಿಂದ. ಕಲ್ಲಿನ ಪುಡಿ, ಕಾಡಿಗೆ ಮೊದಲಾದವನ್ನು ಬೆರೆಸಿ ಹದಗೊಳಿಸಿದ ಅರಗು. ಅಂದು ಜಗತ್ತಿಗೆಲ್ಲ ಅರಗನ್ನು ಒದಗಿಸುತ್ತಿದ್ದುದು ಮುಖ್ಯವಾಗಿ ನಮ್ಮ ದೇಶ. ಅದರಲ್ಲಿಯೂ ಛೋಟಾ ನಾಗಪುರದ ಕಾಡುಗಳ ಸುತ್ತಿನ ಪ್ರದೇಶ. ನಮ್ಮ ಮರದ ಅರಗು ಸಮುದ್ರ ದಾಟಿ ಹೋಗಿ, ನಮ್ಮ ಗಾಯಕಿಯ ದನಿಯನ್ನು ಹೊತ್ತು, ಮತ್ತೆ ಸಮುದ್ರ ದಾಟಿ ಮಾರಾಟಕ್ಕೆ ಬಂತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಂಪನಿ ತನ್ನದೇ ಕಾರ್ಖಾನೆಯನ್ನು ತೆರೆದ ಮೇಲೆ ಈ ಸುತ್ತುಬಳಸು ತಪ್ಪಿತು.

ನಾವು ಬಾಲ್ಯದಲ್ಲಿ ನಗುತ್ತಿದ್ದ ಆ ಇಂಗ್ಲಿಷ್ ವಾಕ್ಯದ ಗುಟ್ಟು ಇರುವುದೂ ಇಲ್ಲಿಯೇ. ಹ್ಯಾನೋವರಿನ ಕೆಲಸಗಾರರಿಗೆ ಹಿಂದಿಯೂ ತಿಳಿಯದು, ಬಂಗಾಳಿಯೂ ತಿಳಿಯದು. ನೂರಾರು ತಟ್ಟೆಗಳಲ್ಲಿ ಯಾವುದು ಯಾರ ಹಾಡು? ಯಾವುದಕ್ಕೆ ಯಾವ ಚೀಟಿ ಅಂಟಿಸಬೇಕು? ತೊಡಕಾಗಬಾರದೆಂದು ಹಾಡು ಮುಗಿದೊಡನೆ ಹಾಡಿದವರೇ ತಮ್ಮ ಹೆಸರನ್ನು ಕೂಗಿ ಹೇಳುವ ಏರ್ಪಾಡು ಮಾಡಿದ್ದರು. ಅದು ಗೌಹರ್ ಜಾನಳಿಗೆ ಮಾತ್ರ ಮೀಸಲಾದದ್ದಲ್ಲ. ಅಲಹಾಬಾದಿನ ಜಾನಕೀಬಾಯಿಯಂಥ ಇತರ ಗಾಯಕಿಯರೂ ಹೀಗೆಯೇ ಹೆಸರು ಹೇಳಿದ್ದಾರೆ. ಕಾರಣ ಇಷ್ಟು ಸರಳ. ಒಂದು ಕಾರ್ಖಾನೆಯ ಅನುಕೂಲ.

ಕಾರಣ ಸರಳವೆಂದು ಅರ್ಥವೂ ಅಷ್ಟಕ್ಕೇ ಮುಗಿಯಬೇಕೆಂದಿಲ್ಲ. ನಮ್ಮಲ್ಲಿ ವಚನದ ಕೊನೆಗೆ ಅಂಕಿತ ಬರುತ್ತದೆ. ದಾಸರ ಪದದ ಕೊನೆಗೂ ಅಂಕಿತ ಬರುತ್ತದೆ. ಅದು ಹಾಡಿದವರ ಸ್ವಂತ ಹೆಸರಲ್ಲ. ಅವರು ನಂಬಿದ ದೈವದ ಹೆಸರು. ತನ್ನನ್ನು ಮರೆಸಿ ತನ್ನ ಒಡೆಯನನ್ನು ಮುಂದಿಡುವ ವಿನಯ ಅದರಲ್ಲಿದೆ. ಮೆಹಫಿಲಿನ ಗಾಯಕಿಗೆ ಲೋಕ ಕೊಟ್ಟ ಒಡೆಯರು ಬೇರೆ ಬಗೆಯವರು. ಇಂಥ ರಾಜನ ಆಸ್ಥಾನದವಳು, ಇಂಥ ಜಮೀನುದಾರನ ಆಶ್ರಯದವಳು ಎಂದು ಆಕೆಯನ್ನು ಗುರುತಿಸುವುದೇ ವಾಡಿಕೆ. ಕಹಳೆಯ ಮುಂದೆ ಮೊದಲ ಬಾರಿಗೆ, ಯಾವ ಒಡೆಯನ ಹೆಸರಿನ ನೆರಳೂ ಇಲ್ಲದೆ, ಹಾಡು ತನ್ನದು ಎಂದು ಆಕೆ ಹೇಳಿದಳು. ತಾನು ಹುಟ್ಟಿದಾಗಿನ ಹೆಸರನ್ನಲ್ಲ, ತಾನು ದುಡಿದು ಗಳಿಸಿದ ಹೆಸರನ್ನು. ತಾತ ಹೇಳಿದ ಯೋಗ್ಯತೆಯ ಮಾತಿನ ತಿರುಳು ನನಗೆ ಹೊಳೆದದ್ದು ಇಷ್ಟು ತಡವಾಗಿ.

ಈ ಹೆಸರಿನ ಮಾತಿಗೆ ನಮ್ಮ ನಾಡಿನದೇ ಇನ್ನೊಂದು ನಿದರ್ಶನವನ್ನು ಸೇರಿಸಬಹುದು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳು ಹೊರಬಂದಾಗ ಅವುಗಳ ಮೇಲೆ ಅಚ್ಚಾದ ಹೆಸರು 'ಗಾಂಧಾರಿ ಹುಬ್ಳೀಕರ್' ಎಂದು. ನಾವೆಲ್ಲ ಬಲ್ಲ ಆ ಹೆಸರು ಪ್ಲೇಟಿನ ಮೇಲೆ ಬರಲು ಕಾಲ ಬೇಕಾಯಿತು. ಆ ವೇಳೆಗೆ ಕೊನೆಯಲ್ಲಿ ಕೂಗಿ ಹೇಳುವ ಪದ್ಧತಿ ನಿಂತುಹೋಗಿತ್ತು. ಕಹಳೆಯೂ ಹೋಗಿ ಮೈಕು ಬಂದಿತ್ತು.

ಇನ್ನು ಉಳಿದಿರುವುದು ನನ್ನ 'ಕೀರಲು ದನಿ' ಎಂಬ ಆರೋಪ. ಪೊರೆಯೂ ಕಹಳೆಯೂ ಹಿಡಿಯಬಲ್ಲ ನಾದದ ಹರವು ಬಹಳ ಕಿರಿದು. ಮಂದ್ರದ ಗಾತ್ರ ಅದಕ್ಕೆ ಸಿಕ್ಕುವುದಿಲ್ಲ. ಸೆಕೆಂಡಿಗೆ ಸುಮಾರು ಎರಡೂವರೆ ಸಾವಿರ ಕಂಪನಗಳಿಗಿಂತ ಮೇಲಿರುವ ಸೂಕ್ಷ್ಮ ನಾದಗಳೂ ಸಿಕ್ಕುವುದಿಲ್ಲ. ಒಬ್ಬರ ದನಿಗೆ ತುಂಬು, ಹೊಳಪು, ಆಪ್ತತೆ ಕೊಡುವುದು ಬಹಳಮಟ್ಟಿಗೆ ಇವೇ ಎರಡು ಅಂಚುಗಳು. ತಂಬೂರಿಯ ಝೇಂಕಾರವಂತೂ ಅಳಿದೇ ಹೋಯಿತೆನ್ನಬೇಕು. ನಮ್ಮ ಕಿವಿಗೆ ತಲಪುವುದು ನಡುವಿನ ಒಂದು ಪಟ್ಟಿ ಮಾತ್ರ.

ಅದಕ್ಕಿಂತ ಮುಖ್ಯವಾದದ್ದು ವೇಗ. ನಿಮಿಷಕ್ಕೆ 78 ಸುತ್ತು ಎಂಬ ನಿಯಮ ಗಟ್ಟಿಯಾದದ್ದು ಆಮೇಲೆ. ಮೊದಮೊದಲ ಮುದ್ರಿಕೆಗಳು ಒಂದೊಂದು ಒಂದೊಂದು ವೇಗದವು. ಎಷ್ಟೋ ತಟ್ಟೆಗಳು 78ಕ್ಕಿಂತ ನಿಧಾನವಾಗಿ ತಿರುಗಿದಂಥವು. 70 ಸುತ್ತಿನಲ್ಲಿ ಮುದ್ರಿಸಿದ್ದನ್ನು 78 ಸುತ್ತಿನಲ್ಲಿ ಹಾಕಿದರೆ ಶ್ರುತಿ ಸುಮಾರು ಎರಡು ಸ್ವರಸ್ಥಾನದಷ್ಟು ಮೇಲೇರುತ್ತದೆ; ಆಕೆ ಷಡ್ಜವೆಂದು ಹಾಡಿದ್ದು ನಮಗೆ ಚತುಶ್ರುತಿ ರಿಷಭದ ಎತ್ತರದಲ್ಲಿ ಕೇಳಿಸುತ್ತದೆ. ಶ್ರುತಿಯೊಂದೇ ಅಲ್ಲ, ಲಯವೂ ಅಷ್ಟು ಚುರುಕಾಗುತ್ತದೆ. ದನಿ ಕೀರಲಾಗುತ್ತದೆ, ಹಾಡು ಅವಸರದ್ದಾಗುತ್ತದೆ. ನನ್ನ ತೀರ್ಪಿನ ಎರಡು ಮಾತುಗಳೂ ಇಲ್ಲಿ ಬಂದುವಷ್ಟೆ!

ಕೆಲವು ವರ್ಷಗಳ ಹಿಂದೆ, ಹಳೆಯ ಪ್ಲೇಟುಗಳನ್ನು ಕೂಡಿಡುವ ಹವ್ಯಾಸದ ನನ್ನ ಹಳೆಯ ಶಿಷ್ಯರೊಬ್ಬರು ಮನೆಗೆ ಬಂದಿದ್ದರು. ತಾತನ ಆ ಪ್ಲೇಟನ್ನು ಅವರ ಕೈಗೆ ಕೊಟ್ಟೆ. ವೇಗವನ್ನು ಬೇಕಾದಂತೆ ಹೊಂದಿಸಬಲ್ಲ ಯಂತ್ರ ಅವರಲ್ಲಿತ್ತು. ಹಾರ್ಮೋನಿಯಮ್ಮಿನ ಸ್ವರವನ್ನು ಒತ್ತಿ ಹಿಡಿದು, ವೇಗವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ ಬಂದರು. ಒಂದು ಹಂತದಲ್ಲಿ, ಅರುವತ್ತು ವರ್ಷ ನಾನು ಕೇಳಿದ್ದ ಆ ಸಣ್ಣ ದನಿ ಕೆಳಗಿಳಿದು ಒಬ್ಬ ಪ್ರೌಢ ಸ್ತ್ರೀಯ ದನಿಯಾಯಿತು. ತಾನುಗಳ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು. ಭೈರವಿಯ ಕೋಮಲ ರಿಷಭದ ಮೇಲೆ ಆಕೆ ಒಂದು ಕ್ಷಣ ನಿಂತು ಷಡ್ಜಕ್ಕೆ ಇಳಿದದ್ದು ಕೇಳಿಸಿತು. ಆ ನಿಲುಗಡೆ ಯಾವಾಗಲೂ ಅಲ್ಲಿ ಇದ್ದದ್ದೇ. ನಮ್ಮ ವೇಗದಲ್ಲಿ ಅದು ಅಡಗಿತ್ತು. ನನ್ನ ತರಗತಿಯಲ್ಲಿ ಕುಳಿತು ಆ ತೀರ್ಪನ್ನು ಬರೆದುಕೊಂಡಿದ್ದವರಲ್ಲಿ ಈ ಶಿಷ್ಯರೂ ಒಬ್ಬರು. ಅವರು ಏನೂ ಹೇಳಲಿಲ್ಲ. ನಾನೂ ಏನೂ ಹೇಳಲಾರದೆ ಹೋದೆ.

1902ರಿಂದ 1920ರವರೆಗೆ ಗೌಹರ್ ಜಾನ್ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು ಆರುನೂರು ಹಾಡುಗಳನ್ನು ಮುದ್ರಿಸಿದಳೆಂದು ಲೆಕ್ಕ. ಇವೆಲ್ಲವೂ ಕಹಳೆಯ ಕಾಲದವು. ವಿದ್ಯುತ್ತಿನಿಂದ, ಮೈಕಿನ ಮೂಲಕ ಧ್ವನಿ ಮುದ್ರಿಸುವ ಕ್ರಮ ಪಶ್ಚಿಮದಲ್ಲಿ 1925ರಲ್ಲಿ ಬಳಕೆಗೆ ಬಂದು, ಕೆಲವೇ ವರ್ಷಗಳಲ್ಲಿ ನಮ್ಮಲ್ಲಿಗೂ ಬಂತು. ಅಷ್ಟು ಹೊತ್ತಿಗೆ ಆಕೆಯ ಒಳ್ಳೆಯ ಕಾಲ ಕಳೆದಿತ್ತು. 1911ರ ದೆಹಲಿ ದರ್ಬಾರಿನಲ್ಲಿ ಜಾನಕೀಬಾಯಿಯೊಡನೆ ಚಕ್ರವರ್ತಿಯ ಮುಂದೆ ಹಾಡಿದ್ದವಳು, ವ್ಯಾಜ್ಯಗಳಲ್ಲಿ ಸೊರಗಿ, ಕಲ್ಕತ್ತೆಯನ್ನು ಬಿಟ್ಟು, ಕಡೆಗೆ ನಮ್ಮ ಮೈಸೂರಿಗೆ ಬಂದಳು. ಮೈಸೂರು ಹಿಂದುಸ್ತಾನಿ ಸಂಗೀತಕ್ಕೆ ಹೊಸದಾದ ಊರಲ್ಲ. ಆಗ್ರಾ ಘರಾಣೆಯ ನತ್ಥನ್ ಖಾನರೂ ಸಿತಾರಿನ ಬರ್ಕತುಲ್ಲಾ ಖಾನರೂ ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ಊರು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಆಕೆಯನ್ನು ಅರಮನೆಯ ವಿದುಷಿಯಾಗಿ ನೇಮಿಸಿಕೊಂಡರು. ಅಲ್ಲಿ ಆಕೆ ಬದುಕಿದ್ದು ಒಂದೂವರೆ ವರ್ಷಕ್ಕಿಂತ ಕಡಿಮೆ. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಆಸ್ಪತ್ರೆಯ ಮುಂದೆ ವಿದ್ಯಾರ್ಥಿಯಾಗಿ ನಾನು ಎಷ್ಟು ಸಲ ನಡೆದು ಹೋಗಿದ್ದೇನೋ! ನಮ್ಮ ಮನೆಯ ಪ್ಲೇಟಿನಲ್ಲಿ ಹೆಸರು ಹೇಳುತ್ತಿದ್ದವಳು ಇಲ್ಲಿಯೇ ಕಣ್ಣು ಮುಚ್ಚಿದಳೆಂಬುದು ಆಗ ನನಗೆ ತಿಳಿದಿರಲಿಲ್ಲ.

ಇಷ್ಟು ಹೇಳಿದ್ದರ ತಾತ್ಪರ್ಯ ಒಂದೇ. ಹಳೆಯ ಮುದ್ರಿಕೆಯೊಂದನ್ನು ಕೇಳುವುದು ಹಳಗನ್ನಡ ಪದ್ಯವೊಂದನ್ನು ಓದಿದಂತೆ. ಲಿಪಿಕಾರನ ಕೈತಪ್ಪು ಯಾವುದು, ಓಲೆಯ ಹುಳುಕು ಯಾವುದು, ಕವಿಯ ಮಾತು ಯಾವುದು ಎಂದು ಬೇರೆ ಮಾಡಿ ತಿಳಿಯದೆ ತೀರ್ಪು ಕೊಡುವ ಹಕ್ಕು ನಮಗಿಲ್ಲ. ಯಂತ್ರದ ಕೊರತೆಯನ್ನು ಯಂತ್ರಕ್ಕೆ ಬಿಟ್ಟು, ನಮ್ಮ ವೇಗದ ತಪ್ಪನ್ನು ನಾವು ತಿದ್ದಿಕೊಂಡರೆ, ಕಲಾವಿದೆಗೆ ಸಲ್ಲಬೇಕಾದದ್ದು ಸಲ್ಲುತ್ತದೆ. ಕಚೇರಿಗೆ ಎಂದೂ ಹೋಗಲಾರದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಬಾಗಿಲ ಮರೆಯಲ್ಲಿ ನಿಂತು ಕೇಳಿದ ಸಂಗೀತ ಇದು. ಹಾಡುವವಳನ್ನು ಒಳಗೆ ಕರೆಯದ ನಡುಮನೆಗಳು ಆಕೆಯ ಪ್ಲೇಟನ್ನು ಒಳಗೆ ಕರೆದವು. ನಮ್ಮ ಮನೆಯೂ ಅಂಥದೇ ಒಂದು ಮನೆ.

ಈಗ ಈ ಹಾಡುಗಳು ಪ್ಲೇಟಿನ ಹಂಗಿಲ್ಲದೆ ಎಲ್ಲರ ಕೈಗೂ ಎಟಕುತ್ತವೆ. ತಾವೂ ಎಂದಾದರೂ ಕೇಳಬಹುದು. ಕೇಳುವಾಗ ಒಂದು ಬಿನ್ನಹ: ಹಾಡು ಮುಗಿಯಿತೆಂದು ಅಲ್ಲಿಯೇ ನಿಲ್ಲಿಸಬೇಡಿ. ಆಕೆ ತನ್ನ ಹೆಸರು ಹೇಳುವವರೆಗೂ ಇರಿ.

(ಆಕಾಶವಾಣಿಯ ಕೃಪೆಯಿಂದ)